ಡ್ಯೂಕರ ಬಲಗೈ

ಗುರುವಾರ ಬೆಳಿಗ್ಗೆ 9.40. ಬರ್ಕ್ಲಿಯ ಸಣ್ಣ ಖಾಸಗಿ ಮ್ಯೂಸಿಯಮ್ಮಿನಿಂದ ಪೊಲೀಸ್ ಠಾಣೆಗೆ ದೂರು ಬಂತು. ಹತ್ತೊಂಬತ್ತನೇ ಶತಮಾನದ ತೈಲಚಿತ್ರವೊಂದು ಕಳುವಾಗಿತ್ತು. ಚಿತ್ರದಲ್ಲಿದ್ದವರು ಸ್ಪೇನಿನ ಒಬ್ಬ ಡ್ಯೂಕ್, ಒಂದು ಕಾಲಕ್ಕೆ ಆ ದೇಶದ ಮಂತ್ರಿ. ಕಪ್ಪು ಕೋಟು, ಕೊರಳಲ್ಲಿ ಚಿನ್ನದ ಪದಕ, ಕಾಗದದ ಸುರುಳಿಯ ಮೇಲೆ ಊರಿದ ಬಲಗೈ.

ಡಿಟೆಕ್ಟಿವ್ ತೇಜಸ್ವಿನಿ ಸ್ಥಳ ಮಹಜರು ನಡೆಸಿದಳು. ದುರಸ್ತಿ ಕೋಣೆಯ ಬೀಗ ಒಡೆದಿರಲಿಲ್ಲ. ಮೇಜಿನ ಮೇಲೆ ಖಾಲಿ ಚೌಕಟ್ಟಿತ್ತು. ಬಿಚ್ಚಿದ ಸ್ಕ್ರೂಗಳನ್ನು ಯಾರೋ ಜೋಪಾನವಾಗಿ ಬಟ್ಟಲಿಗೆ ಹಾಕಿಟ್ಟಿದ್ದರು. ಎಲೆಕ್ಟ್ರಾನಿಕ್ ಬೀಗದ ದಾಖಲೆಯ ಪ್ರಕಾರ ಬುಧವಾರ ಸಂಜೆ 5.12ಕ್ಕೆ ಬಾಗಿಲು ತೆರೆದದ್ದು ಬಶೀರ್ ಎಂಬವರ ಕಾರ್ಡು.

"ಅವರನ್ನು ಕರೆಸಿ."

"ನಮ್ಮಲ್ಲಿ ಚಿತ್ರ ದುರಸ್ತಿ ಮಾಡುತ್ತಿದ್ದರು. ತೀರಿಕೊಂಡು ಹದಿನಾಲ್ಕು ತಿಂಗಳಾಯಿತು," ಎಂದಳು ವ್ಯವಸ್ಥಾಪಕಿ. "ಕಾರ್ಡು ರದ್ದು ಮಾಡುವುದು ಮರೆತೇಹೋಗಿತ್ತು."

"ಮನೆಯಲ್ಲಿ ಯಾರಿದ್ದಾರೆ?"

"ಹೆಂಡತಿ ಸಾಲೇಹಾ. ಒಬ್ಬರೇ."

ಮಧ್ಯಾಹ್ನ 3.10ಕ್ಕೆ ತೇಜಸ್ವಿನಿ ವಾರಂಟು ಹಿಡಿದು, ಅಲ್ಲಿಂದ ಮುಕ್ಕಾಲು ಗಂಟೆ ದಾರಿಯ ನೆವಾರ್ಕಿನ ಅಪಾರ್ಟ್‌ಮೆಂಟಿನ ಬಾಗಿಲು ತಟ್ಟಿದಳು. ಅರವತ್ತು ದಾಟಿದ ಸಾಲೇಹಾ ಅವಳ ಎದೆಯ ಮೇಲಿನ ಹೆಸರುಪಟ್ಟಿ ಓದಿ, "ಕನ್ನಡದವ್ರಾ? ಬನ್ನಿ ಒಳಗೆ," ಎಂದರು. ಅವರು ಏನನ್ನೂ ಬಚ್ಚಿಟ್ಟಿರಲಿಲ್ಲ. ಡ್ಯೂಕರ ಚಿತ್ರ ಸೋಫಾದ ಮೇಲೆ, ಗೋಡೆಗೆ ಒರಗಿ ನಿಂತಿತ್ತು.

"ನೀವು ಮಾತಾಡಲೇಬೇಕು ಅಂತಿಲ್ಲ. ಲಾಯರನ್ನ ಕರೆಸ್ಕೋಬಹುದು."

"ಪರವಾಗಿಲ್ಲ, ಕೇಳಿ."

"ಯಾಕೆ ತಂದ್ರಿ?"

"ಒಂಬತ್ತು ವರ್ಷದ ಹಿಂದೆ ಅಲ್ಲಿ ಪೈಪು ಒಡೆದು, ನೀರು ಬಿದ್ದು, ಆ ಬಲಗೈ ಪೂರ್ತಿ ಹಾಳಾಗಿತ್ತು. ಹಳೇ ಫೋಟೋನೂ ಇರ್ಲಿಲ್ಲ. ಇವ್ರು ತಮ್ಮ ಎಡಗೈನ ಕನ್ನಡೀಲಿ ನೋಡ್ಕೊಂಡು ಅದನ್ನ ಬರೆದ್ರು. ಆ ಸೊಟ್ಟ ಕಿರುಬೆರಳು ನೋಡಿ ಮೇಡಂ. ಅದು ನಮ್ಮ ಮನೆಯವ್ರದ್ದು."

"ಈಗೇನಾಯ್ತು?"

"ಬರೋ ಸೋಮವಾರ ಮ್ಯೂಸಿಯಮ್ಮಿನವ್ರು ಆ ಕೈನ ಒರೆಸಿಬಿಟ್ಟು ಬೇರೆ ಎಕ್ಸ್‌ಪರ್ಟ್ ಹತ್ರ ಬರೆಸ್ತಾರಂತೆ. ಬೇಡ ಅಂತ ಎರಡು ಲೆಟರ್ ಹಾಕಿದೆ. ಉತ್ತರಾನೇ ಇಲ್ಲ."

"ಅವ್ರ ಫೋಟೋಗಳಿವೆಯಲ್ಲ?"

"ಮುಖದ್ದು ಬೇಕಾದಷ್ಟಿದೆ. ಕೈ ಫೋಟೋ ಯಾರು ತೆಗೀತಾರೆ?"

ತೇಜಸ್ವಿನಿ ಬಾಗಿ ಆ ಕಿರುಬೆರಳನ್ನು ನೋಡಿದಳು. "ಬೆರಳಚ್ಚು ಪರೀಕ್ಷೆ ಆಗುತ್ತೆ. ಆ ಕೈ ಮುಟ್ಟಿದ್ರಾ?"

"ಇಲ್ಲಮ್ಮ. ಬಣ್ಣ ಹಾಳಾಗುತ್ತೆ, ಚಿತ್ರ ಮುಟ್ಟಬೇಡ ಅಂತ ಬಯ್ತಿದ್ರು. ಎದುರಿಗೆ ಕೂತ್ಕೊಂಡು ನೋಡಿದೆ, ಅಷ್ಟೇ."

4.05ಕ್ಕೆ ದಸ್ತಗಿರಿ ದಾಖಲಾಯಿತು. ತೇಜಸ್ವಿನಿ ಕೈಕೋಳ ಹಾಕಲಿಲ್ಲ. ತೋಳು ಹಿಡಿದು ಮೆಟ್ಟಿಲಿಳಿಸಿದಳು.

ಮರುವಾರ ಪ್ರಯೋಗಾಲಯದ ವರದಿ ಬಂತು. ಕ್ಯಾನ್ವಾಸಿನ ನಾಲ್ಕೂ ಅಂಚುಗಳಲ್ಲಿ ಸಾಲೇಹಾರ ಬೆರಳಚ್ಚುಗಳಿದ್ದವು. ಕೈಯ ಮೇಲೆ ಒಂದೂ ಇರಲಿಲ್ಲ.