ಆರುನೂರು ಎಂಎಲ್ ಎಲ್ಲಿ ಹೋಯಿತು?

ಸಾಹಿತ್ಯ ಹಿಂದೆ ಮುಂದೆ ನೋಡಿದಳು. ಯಾರೂ ಇರಲಿಲ್ಲ. ಬೀದಿ ಮೂಲೆಯ ಪೋಸ್ಟ್ ಡಬ್ಬಿಗಳ ಹಿಂದೆ ನಿಂತು, ಬ್ಯಾಗಿನಿಂದ ನೀಲಿ ಬಾಟಲಿ ತೆಗೆದು ಬಗ್ಗಿಸಿದಳು. ನೀರೆಲ್ಲ ಗಳಗಳ ಎಂದು ಹಿಮದೊಳಗೆ ಇಳಿಯಿತು. ಮೂರು ದಿನದಿಂದ ಅಲ್ಲೇ ಸುರಿದೂ ಸುರಿದೂ ಹಿಮದಲ್ಲೊಂದು ಪುಟ್ಟ ಬಾವಿಯೇ ಆಗಿಬಿಟ್ಟಿತ್ತು.

ಅಷ್ಟರಲ್ಲಿ ತಲೆಯ ಮೇಲೊಂದು ವಿಮಾನ ಮನೆಗಳ ಚಾವಣಿ ಸವರುವಂತೆ ಹಾರಿಹೋಯಿತು. ವಿಮಾನ ನಿಲ್ದಾಣದ ಪಕ್ಕದಲ್ಲೇ ಇರುವ ಮಾಲ್ಟನ್ನಿನಲ್ಲಿ ಅದೇನು ಹೊಸದಲ್ಲ. ಆದರೂ ಒಳಗಿದ್ದವರು ನೋಡಿಬಿಟ್ಟರೇನೋ ಎಂದು ಸಾಹಿತ್ಯ ಬಾಟಲಿಯನ್ನು ಥಟ್ಟನೆ ಬ್ಯಾಗಿಗೆ ತುರುಕಿದಳು. ಕಳ್ಳನ ಮನಸ್ಸು ಹುಳ್ಳುಳ್ಳಗೆ!

ಮನೆಯಲ್ಲಿ ಬೂಟು ಬಿಚ್ಚುವ ಮೊದಲೇ ಅಮ್ಮನ ಪ್ರಶ್ನೆ ಬಂತು. "ನೀರು ಪೂರ್ತಿ ಕುಡಿದ್ಯಾ?"

ಸಾಹಿತ್ಯ ಬಾಟಲಿ ತಲೆಕೆಳಗೆ ಮಾಡಿ ತೋರಿಸಿದಳು. ಒಂದು ಹನಿಯೂ ಬೀಳಲಿಲ್ಲ.

"ಜಾಣೆ. ತಲೆನೋವು?"

"ಸ್ವಲ್ಪ ಇದೆ."

ಸ್ವಲ್ಪವೇನಲ್ಲ, ತಲೆ ಸಿಡಿಯುತ್ತಿತ್ತು. ಮೈಸೂರಿನಿಂದ ಬಂದು ಈ ಸ್ಕೂಲಿಗೆ ಸೇರಿ ನಾಲ್ಕು ತಿಂಗಳಾಗಿತ್ತು. ಅಂದಿನಿಂದಲೂ ದಿನಾ ಮಧ್ಯಾಹ್ನ ಹೀಗೇ. ಕಣ್ಣಿನ ತೊಂದರೆ ಇರಬೇಕು ಎಂದು ಅಮ್ಮ ಶನಿವಾರಕ್ಕೆ ಕಣ್ಣಿನ ಡಾಕ್ಟರ ಹತ್ತಿರ ಅಪಾಯಿಂಟ್‌ಮೆಂಟ್ ತೆಗೆದುಕೊಂಡಿದ್ದಳು.

ಫ್ರಿಜ್ಜಿನ ಮೇಲೆ ಒಂದು ಹಾಳೆ ಅಂಟಿಸಿತ್ತು. ಎಡಗಡೆ 'ಒಳಗೆ', ಬಲಗಡೆ 'ಹೊರಗೆ'. ಅದು ತೃಪ್ತಿ ಅಕ್ಕನ ಹೋಮ್‌ವರ್ಕು.

ತೃಪ್ತಿ ಅಕ್ಕ ಬಾಗಲಕೋಟೆಯವಳು. ಈ ಮನೆಯ ಬೇಸ್‌ಮೆಂಟಿನಲ್ಲಿ ಬಾಡಿಗೆಗಿದ್ದುಕೊಂಡು ನರ್ಸಿಂಗ್ ಓದುತ್ತಿದ್ದಳು. ಮೊದಲ ದಿನ ಸಾಹಿತ್ಯಳನ್ನು ಸ್ಕೂಲಿನ ಗೇಟಿನವರೆಗೂ ಕೈಹಿಡಿದು ಕರೆದುಕೊಂಡು ಹೋದವಳು ಅವಳೇ. ಚಳಿಗಾಲದ ಜಾಕೆಟ್ಟಿನ ಜಿಪ್ಪು ಸಿಕ್ಕಿಕೊಳ್ಳದಂತೆ ಎಳೆಯಲು ಕಲಿಸಿದವಳೂ ಅವಳೇ. ಆರೋಗ್ಯವಾಗಿರುವ ಒಬ್ಬರ ಮೈಯೊಳಗೆ ದಿನಕ್ಕೆ ಎಷ್ಟು ನೀರು ಹೋಗುತ್ತದೆ, ಎಷ್ಟು ಹೊರಗೆ ಬರುತ್ತದೆ, ಮೂರು ದಿನ ಅಳೆದು ತನ್ನಿ ಎಂದು ಅವಳ ಟೀಚರು ಹೇಳಿದ್ದರು. "ನನ್ನ ಪೇಶಂಟ್ ಆಗ್ತಿಯೇನು?" ಎಂದು ಅಕ್ಕ ಕೇಳಿದಾಗ ಸಾಹಿತ್ಯ ಕುಣಿದಾಡಿಬಿಟ್ಟಿದ್ದಳು.

ಕುಡಿಯುವುದನ್ನು ಅಳೆಯಲು ಒಂದು ಅಳತೆ ಲೋಟ. ಹೊರಗೆ ಬರುವುದಕ್ಕೆ ಕಮೋಡಿನ ಮೇಲೆ ಕೂರಿಸುವ, ಗೆರೆ ಹಾಕಿದ ಪ್ಲಾಸ್ಟಿಕ್ ಪಾತ್ರೆ. ನೋಡಲು ಮಗುಚಿದ ಟೋಪಿಯ ಹಾಗಿರುವುದರಿಂದ ಆಸ್ಪತ್ರೆಯವರು ಅದನ್ನು ಹ್ಯಾಟ್ ಅಂತಲೇ ಕರೆಯುತ್ತಾರಂತೆ. "ಯಾರೂ ತಲಿಗೆ ಹಾಕ್ಕೋಬ್ಯಾಡ್ರಿ ಮತ್ತ!" ಎಂದು ಅಕ್ಕ ಹೇಳಿದಾಗ ಮನೆಯವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು.

ಸಾಹಿತ್ಯ ಪೆನ್ನು ತೆಗೆದುಕೊಂಡು ಬರೆದಳು. 'ಸ್ಕೂಲು: ಒಳಗೆ 600. ಹೊರಗೆ 0.'

ಎರಡನೆಯದು ನಿಜ. ಮೊದಲನೆಯದು ಸುಳ್ಳು.

ಸಂಜೆ ಹಾಳೆ ಹಿಡಿದು ಅವಳು ಬೇಸ್‌ಮೆಂಟಿಗೆ ಇಳಿದಾಗ ಅಕ್ಕ ಡ್ರಿಪ್ ಹಾಕುವುದನ್ನು ಅಭ್ಯಾಸ ಮಾಡುತ್ತಿದ್ದಳು. ಮೇಲಿನ ಪೈಪಿಗೆ ಬಟ್ಟೆ ಹ್ಯಾಂಗರು, ಹ್ಯಾಂಗರಿಗೆ ನೀರಿನ ಚೀಲ, ಚೀಲದಿಂದ ಸಣ್ಣ ಕೊಳವೆ, ಕೊಳವೆಯ ತುದಿ ಬಕೆಟ್ಟಿನಲ್ಲಿ. ಟೈಮ್ ನೋಡುವ ಕೆಲಸ ಯಾವಾಗಲೂ ಸಾಹಿತ್ಯಳದು.

"ಸ್ಟಾಪ್! ಒಂದು ನಿಮಿಷ ಆಯ್ತು."

"ಮೂವತ್ತೊಂದು ಹನಿ. ಬರೋಬ್ಬರಿ ಐತಿ!" ಅಕ್ಕ ಕೊಳವೆಯ ಚಕ್ರ ಉರುಳಿಸಿ ನಿಲ್ಲಿಸಿದಳು. "ಬಾಯಿಲೆ ಕುಡ್ಯಾಕ ಆಗದವರಿಗೆ ಹಿಂಗ ನರದಾಗ ನೀರು, ಉಪ್ಪು ಕೊಡ್ತಾರ. ಕಡಿಮಿ ಆದ್ರೂ ತ್ರಾಸು, ಹೆಚ್ಚಾದ್ರೂ ತ್ರಾಸು."

"ಎಷ್ಟು ಕೊಡ್ಬೇಕು ಅಂತ ಹೇಗೆ ಗೊತ್ತಾಗತ್ತೆ?"

"ಹಿಂಥಾ ಹಾಳಿ ನೋಡಿ. ಕೊಡಿಲ್ಲೆ, ನಾಳೆ ಮುಂಜಾನೆ ಒಪ್ಪಿಸ್ಬೇಕು."

ಅಕ್ಕ ಕೂಡಿದಳು, ಕಳೆದಳು. ಹುಬ್ಬು ಗಂಟಾಯಿತು. ಮೊಬೈಲಿನ ಕ್ಯಾಲ್ಕುಲೇಟರ್ ತೆಗೆದು ಮತ್ತೊಮ್ಮೆ ಕೂಡಿದಳು. ಆಮೇಲೆ ಮೆಲ್ಲಗೆ, "ಸಾಹಿತ್ಯ, ಕಾಲ ಇತ್ತ ಕೊಡು" ಎಂದಳು.

ಸಾಹಿತ್ಯ ಸಾಕ್ಸ್ ಜಾರಿಸಿ ಕಾಲು ಚಾಚಿದಳು. ಅಕ್ಕ ಹರಡಿನ ಹತ್ತಿರ ಹೆಬ್ಬೆರಳಿನಿಂದ ಒತ್ತಿ ಹಿಡಿದು ಬಿಟ್ಟಳು. "ಗುಳಿ ಬೀಳವಲ್ದು. ನೀರು ತುಂಬಿದ ಬಾವೂ ಇಲ್ಲ."

"ಏನಾಯ್ತಕ್ಕ?"

"ದಿನಾ ಒಂದೂವರಿ ಲೀಟರ್ ಒಳಗ ಹೋಗೈತಿ. ನಾನೂರೈವತ್ತು ಎಂಎಲ್ ಹೊರಗ ಬಂದೈತಿ. ಬೆವರು, ಉಸಿರು ಅಂತ ಇನ್ನೊಂದು ನಾನೂರೈವತ್ತು ಹಿಡಿ. ಉಳಿದ ಆರ್ನೂರು ಎಲ್ಲಿ ಹೋತು? ದಿನಾ ತಲಿನೋವು ಬ್ಯಾರೆ ಅಂತಿ. ಕಿಡ್ನಿ ಏನರ..." ಅಕ್ಕ ಮಾತು ನುಂಗಿದಳು. "ನಾನೇನು ಡಾಕ್ಟರ್ ಅಲ್ಲವ್ವ. ನಿಮ್ಮ ಅಮ್ಮಾರಿಗೆ ಹೇಳ್ತೀನಿ. ನಾಳೆ ರಜಾ ಹಾಕಿ ಕರ್ಕೊಂಡು ಹೋಗ್ಲಿ."

ಅಕ್ಕ ಎದ್ದು ಮೆಟ್ಟಿಲ ಕಡೆ ಓಡಿದಳು. ಸಾಹಿತ್ಯಳೂ ಹಿಂದೆಯೇ ಎದ್ದಳು. ನಿಜ ಹೇಳಿದರೆ ಅಕ್ಕ ಇನ್ನೆಂದೂ ತನ್ನನ್ನು ಪೇಶಂಟ್ ಮಾಡಿಕೊಳ್ಳುವುದಿಲ್ಲ. ನಾಳೆ ಒಪ್ಪಿಸಬೇಕಾದ ಹಾಳೆಯೂ ಕೆಟ್ಟುಹೋಯಿತು. ಆದರೆ ಅಕ್ಕನ ಮುಖ ಬಿಳಿಚಿಕೊಂಡಿತ್ತು. ಹೋಮ್‌ವರ್ಕಿಗಾಗಿ ಅಲ್ಲ, ತನಗಾಗಿ. ಅದನ್ನು ನೋಡಿಕೊಂಡು ಸುಮ್ಮನಿರಲು ಅವಳಿಂದ ಆಗಲಿಲ್ಲ.

"ಅಕ್ಕಾ, ನಿಲ್ಲಿ! ಆ ಆರುನೂರು... ಹಿಮದಲ್ಲಿದೆ."

"ಎಲ್ಲಿ?"

"ಪೋಸ್ಟ್ ಡಬ್ಬಿ ಹಿಂದೆ. ಮೂರು ದಿನದ್ದೂ ಅಲ್ಲೇ ಸುರಿದೆ."

ಅಕ್ಕ ಮೆಟ್ಟಿಲ ಮೇಲೇ ಕುಸಿದು ಕೂತಳು. "ಅಬ್ಬಾ! ಜೀವ ಹೋಗಿ ಬಂತು ನೋಡು." ಮರುಗಳಿಗೆ ಅವಳ ದನಿ ಗಟ್ಟಿಯಾಯಿತು. "ಆಸ್ಪತ್ರ್ಯಾಗ ಹಿಂಥಾ ಹಾಳಿ ನಂಬೇ ಹನಿ ಬಿಡ್ತಾರ. ಹಾಳಿ ಸುಳ್ಳು ಹೇಳಿದ್ರ ಮಲಗಿದವರ ಗತಿ ಏನು?"

ಸಾಹಿತ್ಯಳ ಕಣ್ಣು ತುಂಬಿತು. ಅಕ್ಕ ಅವಳನ್ನು ಪಕ್ಕಕ್ಕೆ ಎಳೆದು ಕೂರಿಸಿಕೊಂಡಳು. "ಅಳಬ್ಯಾಡ. ಸಾಲ್ಯಾಗ ನೀರು ಯಾಕ ಕುಡ್ಯಂಗಿಲ್ಲ, ಹೇಳು."

"ಕುಡಿದ್ರೆ ಒಂದಕ್ಕೆ ಬರತ್ತೆ."

"ಬಂದ್ರ ಹೋಗು. ಟೀಚರ್ ಬಿಡಂಗಿಲ್ಲೇನು?"

"ಬಿಡ್ತಾರೆ. ಆದ್ರೆ ಅಲ್ಲಿ ಬರೀ ಪೇಪರ್ ಇರತ್ತೆ ಅಕ್ಕ. ಮಗ್ ಇಲ್ಲ, ನಲ್ಲಿ ಆಚೆಗಿದೆ. ತೊಳ್ಕೊಳ್ದೇ ಇರೋಕೆ ನಂಗೆ ಹೇಸಿಗೆ ಆಗತ್ತೆ. ಯಾರಿಗಾದ್ರೂ ಹೇಳಿದ್ರೆ ನಗ್ತಾರೆ."

ಅಕ್ಕ ನಗಲಿಲ್ಲ. ಎದ್ದುಹೋಗಿ ತನ್ನ ಕಾಲೇಜಿನ ಬ್ಯಾಗು ತಂದಳು. ಒಳಗೊಂದು ಬಟ್ಟೆ ಚೀಲ, ಚೀಲದೊಳಗೆ ಉದ್ದ ಮೂತಿಯ ಗುಲಾಬಿ ಬಾಟಲಿ. ಒತ್ತಿದಳು. ಚಿರ್ರೆಂದು ನೀರು ಬಕೆಟ್ಟಿಗೆ ಹಾರಿತು.

"ಇದು ಏನು ಗೊತ್ತೇನು? ನನ್ನ ಚೊಂಬು!"

ಸಾಹಿತ್ಯ ಬಿಟ್ಟ ಕಣ್ಣು ಬಿಟ್ಟಂತೆ ನೋಡಿದಳು.

"ನಾನೂ ಬಂದ ಹೊಸ್ತಾಗ ಹಂಗ ಮಾಡ್ತಿದ್ದೆ. ಮುಂಜಾನಿಂದ ಸಂಜಿಮಟ ಒಂದು ಹನಿ ಕುಡೀತಿದ್ದಿಲ್ಲ. ಒಂದಿನ ಕ್ಲಾಸಿನ್ಯಾಗ ಧಪ್ ಅಂತ ಬಿದ್ದೆ. ಡ್ರಿಪ್ ಹಚ್ಚೋದು ಕಲ್ಯಾಕ ಬಂದಾಕಿಗೇ ಆಸ್ಪತ್ರ್ಯಾಗ ಡ್ರಿಪ್ ಹಚ್ಚಿದ್ರು! ಮಾರಿಸೆಲ್ ಅಂತ ಫಿಲಿಪೀನ್ಸ್ ಹುಡುಗಿ, ನನ್ನ ಕ್ಲಾಸ್‌ಮೇಟು, ಚೀಲ ಖಾಲಿ ಆಗೋಮಟ ನನ್ನ ಮಗ್ಗಲಾಗೇ ಕುಂತಿದ್ಲು. ನಾ ಬಾಯಿ ಬಿಡದಿದ್ರೂ ಆಕಿಗೆ ಗೊತ್ತಾತು. ಅವರ ಮನ್ಯಾಗೂ ತೊಳ್ಕೊಳ್ಳಾಕ ನೀರು ಬೇಕಂತ. ಮರುದಿನ ಇಂಥಾವು ಎರಡು ತಂದು ಕೊಟ್ಲು."

ಅಕ್ಕ ಡ್ರಾಯರ್ ಎಳೆದು ಇನ್ನೊಂದು ಬಾಟಲಿ ತೆಗೆದಳು. ಅದು ಹಳದಿ ಬಣ್ಣದ್ದು, ಇನ್ನೂ ಹೊಸದು. "ಇದು ನಿಂದು."

ಸಾಹಿತ್ಯ ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ನಾಲ್ಕು ತಿಂಗಳಿಂದ ಎದೆಯ ಮೇಲೆ ಕೂತಿದ್ದ ಭಾರ ಇಳಿದುಹೋದಂತಾಯಿತು.

ಹಾಳೆ ತಿದ್ದಲು ಅವಳು ವೈಟ್ನರ್ ಹುಡುಕಿದಾಗ ಅಕ್ಕ ಕೈ ಹಿಡಿದಳು. "ಅಳಸಂಗಿಲ್ಲ. ತಪ್ಪಿನ ಮ್ಯಾಲ ಒಂದ ಗೆರಿ ಎಳಿ. ಕೆಳಗಿಂದೂ ಕಾಣ್ಬೇಕು. ಬಾಜೂಕ ಖರೇ ಬರ್ದು ಸಹಿ ಮಾಡು. ನರ್ಸ್‌ಗೋಳು ಹಂಗ ಮಾಡ್ತಾರ."

ಮೂರು ಗೆರೆ, ಮೂರು ಸೊನ್ನೆ, ಮೂರು ಸಹಿ. ಈಗ ಕೂಡಿ ನೋಡಿದರೆ ಒಳಗೂ ಒಂಬೈನೂರು, ಹೊರಗೂ ಒಂಬೈನೂರು. ಲೆಕ್ಕ ತಾಳೆಯಾಯಿತು.

"ನಿಮಗೆ ಮಾರ್ಕ್ಸ್ ಹೋಗತ್ತಾ?"

"ಹೋದ್ರ ಹೋಗ್ಲಿ. ನಡಿ, ಅಮ್ಮಾರಿಗೆ ಹೇಳೂಣು. ನಾನೂ ಬರ್ತೀನಿ."

ಅಮ್ಮ ಎಲ್ಲ ಕೇಳಿಸಿಕೊಂಡು ಒಂದು ಮಾತೂ ಬೈಯಲಿಲ್ಲ. "ನಂಗ್ಯಾಕೆ ಹೇಳ್ಲಿಲ್ವೇ ಪುಟ್ಟಿ" ಎಂದು ತಬ್ಬಿಕೊಂಡಳು.

ಮರುದಿನ ಊಟದ ಬೆಲ್ ಆದ ಮೇಲೆ ಸಾಹಿತ್ಯ ಹಳದಿ ಬಾಟಲಿಯನ್ನು ಸ್ವೆಟರಿನೊಳಗೆ ಬಚ್ಚಿಟ್ಟುಕೊಂಡು ವಾಶ್‌ರೂಮಿಗೆ ಹೋಗಿಬಂದಳು. ಯಾರೂ ನೋಡಲಿಲ್ಲ. ನೋಡಿದ್ದರೂ ಏನಂತೆ ಎನಿಸಿತು. ಸೀಟಿಗೆ ಬಂದು ನೀಲಿ ಬಾಟಲಿ ಎತ್ತಿ ಗಟಗಟ ಕುಡಿದಳು.

ಮನೆಗೆ ಬರುವಾಗ ಪೋಸ್ಟ್ ಡಬ್ಬಿಯ ಹಿಂದೆ ಇಣುಕಿದಳು. ಅವಳ ಬಾವಿ ಗಾಜಿನಂತೆ ಹೆಪ್ಪುಗಟ್ಟಿತ್ತು. ಆಗಲೇ ಅವಳಿಗೆ ಹೊಳೆದದ್ದು, ಇವತ್ತು ತಲೆ ನೋಯುತ್ತಿಲ್ಲ!

ಬಾಗಿಲಲ್ಲಿ ಅಕ್ಕ ಆಸ್ಪತ್ರೆಯ ಸಂಜೆಯ ಶಿಫ್ಟಿಗೆ ಹೊರಟು ಬೂಟು ಕಟ್ಟುತ್ತಿದ್ದಳು. ಅವಳ ಬ್ಯಾಗಿನ ಪಕ್ಕದ ಜೇಬಿನಲ್ಲಿ ನೀರಿನ ಬಾಟಲಿ ಖಾಲಿಯಾಗಿ ತೂಗುತ್ತಿತ್ತು.

"ಎಂಟು ಗಂಟೆ ಹೊತ್ತು ನೀರಿಲ್ದೇನಾ? ಇರಿ ಅಕ್ಕ!" ಸಾಹಿತ್ಯ ಅದನ್ನು ಕಿತ್ತುಕೊಂಡು ಅಡುಗೆಮನೆಗೆ ಓಡಿದಳು. ಅಳತೆ ಲೋಟದಲ್ಲಿ ಅಳೆದು ಅಳೆದು ತುಂಬಿಸಿ ತಂದು ಜೇಬಿಗೆ ಸಿಕ್ಕಿಸಿದಳು.

"ಆರುನೂರು ಇದೆ. ಪೂರ್ತಿ ಕುಡೀಬೇಕು. ಹಿಮಕ್ಕೆ ಕುಡಿಸ್ಬೇಡಿ ಮತ್ತೆ!"

"ಆಗ್ಲಿ ನರ್ಸಮ್ಮ!" ಅಕ್ಕ ನಗುತ್ತಾ ಬಸ್ಸಿಗೆ ಓಡಿದಳು.

ಸಾಹಿತ್ಯ ಫ್ರಿಜ್ಜಿಗೆ ಹೊಸ ಹಾಳೆ ಅಂಟಿಸಿದಳು. ಮೇಲೆ ದೊಡ್ಡ ಅಕ್ಷರದಲ್ಲಿ 'ತೃಪ್ತಿ ಅಕ್ಕ' ಎಂದು ಬರೆದಳು. 'ಒಳಗೆ' ಎಂಬಲ್ಲಿ ಆರುನೂರು ಎಂದು ಬರೆಯಲು ಹೋದವಳು ಪೆನ್ನು ಎತ್ತಿದಳು. ಅಕ್ಕ ಕುಡಿದು ಬರಲಿ, ಆಮೇಲೆ ಬರೆದರಾಯಿತು.