ಆ ಹೆಸರು ಮಾತ್ರ ಬೇಡ

ಅತ್ತೆ ಆ ಫಾರಂ ಅನ್ನು ಎರಡು ಸಲ ಓದಿದರು. ಮೂರನೆಯ ಸಲ ಓದುವ ಬದಲು ನಡುವಿಗೆ ಹರಿದು, ಹೊಲಿಗೆ ಯಂತ್ರದ ಕೆಳಗಿದ್ದ ಚಿಂದಿಯ ಡಬ್ಬಕ್ಕೆ ಹಾಕಿಬಿಟ್ಟರು. ಹದಿನಾಲ್ಕು ದಿನದ ಕೂಸನ್ನು ಹೆಗಲಿಗೆ ಹಾಕಿಕೊಂಡು ನಿಂತಿದ್ದ ಸೊಸೆಯ ಮುಖ ಬಿಳಿಚಿಕೊಂಡಿತು. ಮರುದಿನ ಸಂಜೆಯೊಳಗೆ ಆ ಫಾರಂ ಜನನ ನೋಂದಣಿ ಕಚೇರಿಗೆ ಸೇರಬೇಕಿತ್ತು. ತಪ್ಪಿದರೆ ಮಗು ಬರೀ ‘ಹೆಣ್ಣು ಶಿಶು’ ಎಂದು ದಾಖಲಾಗುತ್ತದೆ. ಆಮೇಲೆ ತಿದ್ದಿಸುವ ಅಲೆದಾಟ ಯಾರಿಗೂ ಬೇಡ.

“ಆ ಹೆಸರು ಮಾತ್ರ ಬೇಡ,” ಎಂದರು ಅತ್ತೆ. ಅಷ್ಟೇ. ಮತ್ತೆ ಪೆಡಲು ತುಳಿಯತೊಡಗಿದರು.

ಈ ಮನೆಯಲ್ಲಿ ಹೆಸರಿಗಾಗಿ ಎರಡು ವಾರ ನಡೆದ ಗದ್ದಲವನ್ನು ಇಲ್ಲಿ ಹೇಳಲೇಬೇಕು. ಮಗ ಬಸ್ ಕಂಡಕ್ಟರ್, ಬಾಯಿ ಮುಚ್ಚಿಕೊಂಡು ಕೂರುವ ಜನ್ಮವಲ್ಲ. ಮಗಳು ಹುಟ್ಟಿದ ದಿನದಿಂದ ಟಿಕೆಟ್ ತಗೊಂಡವರನ್ನೆಲ್ಲ, “ನಿಮ್ಮ ಕಡೆ ಒಳ್ಳೇ ಗುಣ ನೋಡಿ ಹೆಣ್ಣುಮಗುಗೆ ಏನಂತ ಹೆಸರಿಡ್ತಾರೆ?” ಎಂದು ಕೇಳಿ, ಟಿಕೆಟ್ ಸುರುಳಿಯ ಹಿಂಬದಿಯಲ್ಲಿ ಬರೆದುಕೊಂಡು ಬರುತ್ತಿದ್ದ. ಅಮಲ್ ಎಂದರೆ ಅರಬ್ಬಿಯಲ್ಲಿ ಭರವಸೆ. ಸೋಫಿಯಾ ಎಂದರೆ ಗ್ರೀಕಿನಲ್ಲಿ ವಿವೇಕ. ವೆರಾ ಎಂದರೆ ರಷ್ಯನ್ನರಿಗೆ ನಂಬಿಕೆ. ಒಬ್ಬ ಅಜ್ಜಿ ಹೆಸರು ಹೇಳುವ ಉತ್ಸಾಹದಲ್ಲಿ ತನ್ನ ಸ್ಟಾಪನ್ನೇ ಮರೆತು, ಮುಂದಿನ ಸ್ಟಾಪಿನಲ್ಲಿ ಅವನಿಗೇ ಬೈದು ಇಳಿದಳಂತೆ. ಗಡಿಯಾರ ರಿಪೇರಿ ಮಾಡಿ ಕಣ್ಣು ಸವೆಸಿಕೊಂಡಿದ್ದ ಮಾವ ಭೂತಗನ್ನಡಿ ಹಿಡಿದು ಆ ಸುರುಳಿಯನ್ನು ಓದಿ, “ಇಷ್ಟೊಂದು ಗುಣ ನಮ್ಮ ವಂಶದಲ್ಲಿ ಯಾರಿಗೂ ಇಲ್ವಲ್ಲೋ,” ಎಂದು ನಗುತ್ತಿದ್ದರು.

ಸೊಸೆ ಬೇರೆ ಭಾಷೆಯ ಮನೆಯಿಂದ ಬಂದವಳು. ಮೂರು ವರ್ಷದಲ್ಲಿ ಅತ್ತೆ ಅವಳ ಅಡುಗೆ, ಉಡುಗೆ, ಉಚ್ಚಾರ ಒಂದನ್ನೂ ಬಿಡದೆ ಆಡಿಕೊಂಡಿದ್ದರು. ಆದರೆ ಹೆರಿಗೆಯಾದ ಮೇಲೆ ಅದೇ ಅತ್ತೆ ಅವಳನ್ನು ಅಂಗೈಯಲ್ಲಿಟ್ಟು ನೋಡಿಕೊಂಡರು. ಆ ಪ್ರೀತಿಗೆ ಏನು ಕೊಡಲಿ ಎಂದು ಯೋಚಿಸಿದ ಹುಡುಗಿಗೆ ಹೊಳೆದದ್ದು ಇದು: ಅತ್ತೆಯ ಹೆಸರಿಗೆ ತಾಳ್ಮೆ ಎಂದು ಅರ್ಥ, ತನ್ನ ಭಾಷೆಯಲ್ಲೂ ತಾಳ್ಮೆಗೆ ಚೆಂದದ ಹೆಸರೊಂದಿದೆ. ಅದನ್ನೇ ಫಾರಂನಲ್ಲಿ ತುಂಬಿ, ಪಕ್ಕದಲ್ಲಿ ಪೆನ್ಸಿಲ್ಲಿನಿಂದ ಅರ್ಥ ಬರೆದು, ಅತ್ತೆಯ ಕೈಗೇ ಮೊದಲು ಕೊಟ್ಟಿದ್ದಳು. ಪಾಪ, ಎಷ್ಟು ಆಸೆಯಿಂದ ಕೊಟ್ಟಿದ್ದಳೋ!

“ನಮ್ಮ ಭಾಷೆ ಅಂದ್ರೆ ನಿಮಗೆ ಅಷ್ಟು ಅಸಹ್ಯನಾ ಅತ್ತೆ?” ಎಂದಳು ಸೊಸೆ. “ಹಾಗಿದ್ರೆ ನಾನೂ ಬೇಡ ಅಂತ ಹೇಳಿಬಿಡಿ... ನಾಳೆ ಕಚೇರಿಲಿ ನನಗೆ ತೋಚಿದ ಹೆಸರು ಕೊಟ್ಟು, ಹಾಗೇ ಅಕ್ಕನ ಮನೆಗೆ ಹೋಗ್ತೀನಿ. ಮಗುನೂ ಕರ್ಕೊಂಡು.”

ಊಟಕ್ಕೆ ಕೂತಿದ್ದ ಮಗನ ಕೈ ತಟ್ಟೆಯಲ್ಲೇ ನಿಂತಿತು. ಪೆಡಲೂ ನಿಂತಿತು.

“ಭಾಷೆ ಯಾವುದಾದ್ರೇನು ಹುಡುಗಿ,” ಎಂದರು ಅತ್ತೆ, ತಲೆಯೆತ್ತದೆ. “ಆ ಹೆಸರು ಹೊತ್ಕೊಂಡು ಬದುಕಿದೋಳು ನಾನು. ಈ ಮನೆಗೆ ಬಂದಾಗ ನನಗೆ ಹತ್ತೊಂಬತ್ತು. ಎದುರು ಮಾತಾಡಿದ್ರೆ, ‘ಹೆಸರೇನು, ನಡತೆಯೇನು’ ಅನ್ನೋರು ನಮ್ಮತ್ತೆ. ಹೊಟ್ಟೆನೋವು ಅಂತ ಮಲಗಿದ್ರೂ ಅದೇ ಮಾತು. ಯಾರೂ ನಂಬಲಿಲ್ಲ. ಎರಡನೇ ಮಗು ಹೊಟ್ಟೆಯಲ್ಲೇ ಹೋಯ್ತು... ಆವತ್ತು ಒಂದು ಸಲ ಗಟ್ಟಿಯಾಗಿ ಅಳೋಕೆ ಬಾಯಿ ತೆಗೆದೆ. ‘ಇಂಥ ಹೆಸರಿಟ್ಕೊಂಡು ಹೀಗೆ ಕಿರುಚ್ತೀಯಲ್ಲ, ಅಕ್ಕಪಕ್ಕದೋರು ಏನಂದ್ಕೋತಾರೆ’ ಅಂದ್ರು ನಮ್ಮತ್ತೆ. ಬಾಯಿಗೆ ಬಟ್ಟೆ ತುರುಕ್ಕೊಂಡೆ ಕಣೇ. ಅಷ್ಟೇ, ಆಮೇಲೆ ಅಳೋದೇ ಮರೆತುಹೋಯ್ತು.”

ಸೊಸೆ ಹೆಗಲ ಮೇಲಿದ್ದ ಮಗುವನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡಳು. ಕಿಟಕಿಯ ಬಳಿ ಕೂತಿದ್ದ ಮಾವ ಭೂತಗನ್ನಡಿಯನ್ನು ಕೆಳಗಿಟ್ಟರು.

“ಅದು ನಮ್ಮಮ್ಮ ಅಂದ ಮಾತಲ್ಲ,” ಎಂದರು. “ಆವತ್ತು ಹಾಗಂದಿದ್ದು ನಾನು. ಮೂವತ್ತು ವರ್ಷದಿಂದ ಇವಳು ಅದನ್ನ ನಮ್ಮಮ್ಮನ ಮೇಲೆ ಹಾಕ್ತಾ ಬಂದಿದಾಳೆ, ಮಗನ ಮುಂದೆ ನನ್ನ ಮರ್ಯಾದೆ ಹೋಗಬಾರದು ಅಂತ.” ಅವರು ಎದ್ದು ಬಂದು ಯಂತ್ರದ ಪಕ್ಕ ನಿಂತರು. ಕೈ ಎಲ್ಲಿಡಬೇಕೆಂದು ತಿಳಿಯಲಿಲ್ಲ. “ತಪ್ಪಾಯ್ತು ಕಣೇ.”

ಅತ್ತೆ ತಲೆಯೆತ್ತಿ ಗಂಡನ ಮುಖ ನೋಡಿದರು. “ಸದ್ಯ,” ಎಂದರು, “ಇಬ್ಬರೂ ಬದುಕಿರೋವಾಗಲೇ ಹೇಳಿದ್ರಿ.”

ಮಗ ಕೈ ತೊಳೆದು ಬಂದು ಜೇಬಿನಿಂದ ಸುರುಳಿ ತೆಗೆದ. “ಹಾಗಾದ್ರೆ ಧೈರ್ಯ ಅಂತ ಅರ್ಥ ಬರೋದು ಇಡೋಣ್ವಾ ಅಮ್ಮ?”

“ಒಂದು ಹಲ್ಲಿ ನೋಡಿ ಹೆದರಿದ್ರೆ ಸಾಕು, ಜನ ಜೀವನಪೂರ್ತಿ ಆಡ್ಕೋತಾರೆ.”

“ವಿನಯ?”

“ತಲೆ ತಗ್ಗಿಸಿಕೊಂಡೇ ಓಡಾಡಬೇಕಾಗುತ್ತೆ.”

“ಕರುಣೆ?”

“ಕೇಳಿದೋರಿಗೆಲ್ಲ ತನ್ನ ಪಾಲು ಕೊಟ್ಟು ಬರಿಗೈಲಿ ಕೂರಬೇಕಾಗುತ್ತೆ. ಸಾಕು ಮುಚ್ಚೋ ನಿನ್ನ ಸುರುಳಿ.”

ಸೊಸೆ ನೆಲದ ಮೇಲೆ, ಅತ್ತೆಯ ಕಾಲ ಬಳಿಯೇ ಕೂತಳು. “ಅತ್ತೆ, ನಂಬಿಕೆ ಅಂತ ಇಟ್ರೆ?” ಎಂದಳು ಮೆಲ್ಲಗೆ. “ಅದರ ಭಾರ ಅವಳ ಮೇಲೆ ಬೀಳಲ್ಲ, ಕರೆಯೋರ ಮೇಲೆ ಬೀಳುತ್ತೆ. ಅವಳು ಹೊಟ್ಟೆನೋವು ಅಂದ್ರೆ ನಾವು ನಂಬಬೇಕು. ಬೇಡ ಅಂದ್ರೂ ನಂಬಬೇಕು. ತಡವಾಗಿ ಬಂದು ಕಾರಣ ಹೇಳಿದ್ರೂ ಮೊದಲು ನಂಬಬೇಕು.”

ಅತ್ತೆ ಕೈಚಾಚಿದರು. ಸೊಸೆ ಮಗುವನ್ನು ಕೊಟ್ಟಳು. “ನಿನ್ನ ಭಾಷೆಲಿ ಅದಕ್ಕೆ ಏನಂತಾರೆ?” ಎಂದು ಕೇಳಿದರು ಅತ್ತೆ. ಅವಳು ಹೇಳಿದಳು. ಅತ್ತೆ ಹೇಳಿ ನೋಡಿದರು, ತಪ್ಪಿತು. ಇನ್ನೊಮ್ಮೆ ಹೇಳಿದರು, ಮತ್ತೂ ತಪ್ಪಿತು. ಮೂರು ವರ್ಷ ಉಚ್ಚಾರಕ್ಕಾಗಿ ಬೈಸಿಕೊಂಡವಳಿಗೆ ಇಂಥ ಅವಕಾಶ ಮತ್ತೆಲ್ಲಿ ಸಿಗಬೇಕು! ಐದು ಸಲ ತಿದ್ದಿದಳು. ಅಳುತ್ತಲೇ ತಿದ್ದಿದಳು, ನಗುತ್ತಲೂ ತಿದ್ದಿದಳು.

ಮರುದಿನ ಬೆಳಿಗ್ಗೆ ಎಲ್ಲರೂ ಕಚೇರಿಗೆ ಹೋದರು. ಮಗ ಹೊಸ ಫಾರಂ ತುಂಬಿದ. ಗುಮಾಸ್ತ ಹೆಸರನ್ನು ಅಕ್ಷರ ಅಕ್ಷರವಾಗಿ ಓದಿ ಹೇಳಿ, ಸರಿಯಾ ಎಂದು ಕೇಳಿದ. “ಸರಿ ಇದೆ,” ಎಂದರು ಅತ್ತೆ ಎಲ್ಲರಿಗಿಂತ ಮೊದಲು. ಅವನು ಮೊಹರು ಒತ್ತಿದ ಸದ್ದಿಗೆ ಮಗು ಬೆಚ್ಚಿಬಿದ್ದು ಕಿಟಾರನೆ ಕಿರುಚಿತು. ಸಾಲಿನಲ್ಲಿ ನಿಂತವರೆಲ್ಲ ತಿರುಗಿ ನೋಡಿದರು. ಸೊಸೆ ಮಗುವನ್ನು ಸುಮ್ಮನಿರಿಸುವಷ್ಟರಲ್ಲಿ ಪಕ್ಕದಿಂದ ಇನ್ನೊಂದು ಅಳು ಕೇಳಿಸಿತು. ಅತ್ತೆ ಕೌಂಟರಿನ ಅಂಚು ಹಿಡಿದುಕೊಂಡು, ಬಾಯಿಬಿಟ್ಟು, ದನಿಯೆತ್ತಿ ಅಳುತ್ತಿದ್ದರು. ಸೊಸೆ ಮದುವೆಯಾಗಿ ಬಂದ ಮೇಲೆ ಒಮ್ಮೆಯೂ ಕೇಳಿರದ ದನಿ ಅದು.

“ಏನಾಯ್ತಮ್ಮ? ಸ್ವಲ್ಪ ಸಮಾಧಾನ ಮಾಡ್ಕೊಳ್ಳಿ, ಜನ ನೋಡ್ತಿದಾರೆ,” ಎಂದ ಗುಮಾಸ್ತ ಗಾಬರಿಯಿಂದ.

ಮಾವ ಹೆಂಡತಿಯ ಪಕ್ಕಕ್ಕೆ ಬಂದು ಅವರ ಕೈ ಹಿಡಿದುಕೊಂಡರು.

“ನೋಡಲಿ ಬಿಡಿ ಸ್ವಾಮಿ,” ಎಂದರು. “ಅವಳು ಅಳಲಿ.”