ಬೆಲೆ ಹೇಳಿದ ನಿಂಬವ್ವ

ಬಹಳ ಕಾಲದ ಹಿಂದೆ, ಕರಡಿಗಳಿಗೆ ಇನ್ನೂ ಮಾತು ಬರುತ್ತಿದ್ದ ಕಾಲದಲ್ಲಿ, ಮಿಂಚುಗಲ್ಲು ಎಂಬ ರಾಜ್ಯವಿತ್ತು. ಅಲ್ಲಿ ಕುಂಬಾರರಿದ್ದರು, ಬಡಿಗೇರರಿದ್ದರು, ಕಂಬಳಿ ನೇಯುವವರಿದ್ದರು, ಬುಟ್ಟಿ ಹೆಣೆಯುವವರಿದ್ದರು. ಅವರ ಕೈಯಲ್ಲಿ ಆಗದ ಕೆಲಸವಿರಲಿಲ್ಲ. ಆದರೆ ಅವರಿಗೊಂದು ವಿಚಿತ್ರ ನಾಚಿಕೆಯಿತ್ತು. ಮಾಡಿದ ವಸ್ತುವಿಗೆ ತಾವೇ ಬಾಯಿಬಿಟ್ಟು ಬೆಲೆ ಹೇಳುವುದು ಮರ್ಯಾದಸ್ತರ ಲಕ್ಷಣವಲ್ಲ ಎಂದು ಅವರೆಲ್ಲ ನಂಬಿದ್ದರು. ಗಿರಾಕಿ "ಏನು ಕೊಡಲಿ?" ಎಂದು ಕೇಳಿದರೆ ತಲೆ ತಗ್ಗಿಸಿ, ಕಾಲಿನ ಹೆಬ್ಬೆರಳಿನಿಂದ ನೆಲ ಕೆರೆಯುತ್ತ, "ನಿಮಗ ತಿಳಿದಷ್ಟು ಕೊಡ್ರಿ" ಎನ್ನುತ್ತಿದ್ದರು. ಗಿರಾಕಿಗಳಿಗೆ ತಿಳಿಯುತ್ತಿದ್ದುದು ಯಾವಾಗಲೂ ಕಡಿಮೆಯೇ. ಜಾಸ್ತಿ ತಿಳಿದ ಗಿರಾಕಿಯನ್ನು ಆ ರಾಜ್ಯದಲ್ಲಿ ಯಾರೂ ಕಂಡಿರಲಿಲ್ಲ.

ಆ ರಾಜ್ಯದ ಒಂದು ಓಣಿಯಲ್ಲಿ ಬಾಳವ್ವ, ನಿಂಬವ್ವ ಎಂಬ ಅಕ್ಕತಂಗಿಯರಿದ್ದರು. ಅವ್ವ ತೀರಿಕೊಂಡ ಮೇಲೆ ತಂಗಿಯನ್ನು ಎತ್ತಿ ಆಡಿಸಿ ಬೆಳೆಸಿದವಳು ಬಾಳವ್ವನೇ. ಕೌದಿ ಹೊಲಿಯುವುದು ಅವರ ಕಸುಬು. ಜನ ತಮ್ಮ ಮನೆಯವರು ಉಟ್ಟು ಹಳೆಯದಾದ ಸೀರೆ, ಧೋತರ, ಅಂಗಿಗಳನ್ನು ಗಂಟು ಕಟ್ಟಿ ತರುತ್ತಿದ್ದರು. ಅಕ್ಕ ಅವನ್ನು ಪದರ ಪದರವಾಗಿ ಹಾಸಿ, ಸಾಲು ಸಾಲಾಗಿ ಹೊಲಿದು ಹೊದಿಕೆ ಮಾಡಿಕೊಡುತ್ತಿದ್ದಳು. ಒಳಗೆ ಅಜ್ಜಿಯ ಸೀರೆಯಿದ್ದರೆ ಮೊಮ್ಮಗುವಿಗೆ ಚಳಿ ತಾಗದು ಎಂದು ಆ ನಾಡಿನವರ ನಂಬಿಕೆ. ಬಾಳವ್ವನ ಹೊಲಿಗೆಯ ಮೇಲೆ ಕೈಯಾಡಿಸಿದರೆ ಸಾಕು, ಅಳುವ ಕೂಸು ಸುಮ್ಮನಾಗುತ್ತಿತ್ತು.

ಒಂದು ದಿನ ಕರಿಯ ಶಾಲು ಹೊದ್ದ ಗೃಹಸ್ಥನೊಬ್ಬ ಬಂದ. ಅವನ ಗಂಟಿನಲ್ಲಿ ಹಳೆಯ ಬಟ್ಟೆ ಒಂದೂ ಇರಲಿಲ್ಲ, ಎಲ್ಲ ಹೊಸ ಜರತಾರಿಯೇ. ಬಾಳವ್ವ ಒಂದು ಮಾತೂ ಆಡದೆ ಕೌದಿ ಹೊಲಿದಳು. ಮುಗಿದ ದಿನ ಅವನು ಕೇಳಿದ: "ಏನ್ ಕೊಡ್ಲವ್ವಾ?"

"ನೀವು ದೊಡ್ಡವರು. ನಿಮಗ ತಿಳಿದಷ್ಟು ಕೊಡ್ರಿ," ಎಂದಳು ಬಾಳವ್ವ.

ಗೃಹಸ್ಥ ನಕ್ಕು, ಅವಳ ಅಂಗೈಯಲ್ಲಿ ಒಂದು ಹರಳು ಕಲ್ಲು ಇಟ್ಟ. ಅಷ್ಟೇ. ಬಾಳವ್ವನ ಬೆರಳ ತುದಿಯಿಂದ ಬೆಳಕಿನ ಎಳೆಯೊಂದು ಹೊರಬಂದು ಅವನ ಶಾಲಿನೊಳಗೆ ಹೋಯಿತು. ಅವನು ಹೊಗೆಯಾಗಿ ಕಿಟಕಿಯಿಂದ ಹಾರಿಹೋದ. ಅಕ್ಕ ಸೂಜಿಯನ್ನು ಎತ್ತಿ ಹಿಡಿದು, ತಿರುಗಿಸಿ ತಿರುಗಿಸಿ ನೋಡಿ, "ನಿಂಬೀ, ಇದೇನು? ಮುಳ್ಳೇನು?" ಎಂದು ಕೇಳಿದಳು.

ಅವನು ಧೂಮಕಂಠನೆಂಬ ಮಾಂತ್ರಿಕ. ಅವನ ಕಾಟ ಇದೇ ಮೊದಲೇನಲ್ಲ. ಕುಂಬಾರ ತಿಗರಿಯ ಮುಂದೆ ಕೂತು ಮಣ್ಣನ್ನು ಮಿಕಿಮಿಕಿ ನೋಡುತ್ತಿದ್ದ. ಬಡಿಗ ಉಳಿಯಿಂದ ಬೆನ್ನು ತುರಿಸಿಕೊಳ್ಳುತ್ತಿದ್ದ. ಅರಸನ ಕಿರೀಟ ಮುರಿದು ತಿಂಗಳುಗಳೇ ಕಳೆದಿದ್ದವು, ಬೆಸೆಯುವುದು ಹೇಗೆಂಬುದೇ ಅಕ್ಕಸಾಲಿಗನಿಗೆ ಮರೆತುಹೋಗಿತ್ತು. ಅರಸ ಊರೂರಿಗೆ ಡಂಗುರ ಸಾರಿಸಿದ. ಮಾಂತ್ರಿಕನನ್ನು ಗೆದ್ದು ಬಂದವರಿಗೆ ಅರ್ಧ ರಾಜ್ಯ ಕೊಡುತ್ತೇನೆ ಎಂದನೇ? ಇಲ್ಲ. "ನಮಗೆ ತಿಳಿದಷ್ಟು ಕೊಡುತ್ತೇವೆ" ಎಂದ. ಅವನೂ ಪಾಪ ಅದೇ ರೂಢಿಯಲ್ಲಿ ಬೆಳೆದವನು. ಒಬ್ಬರೂ ಮುಂದೆ ಬರಲಿಲ್ಲ.

ನಿಂಬವ್ವ ಡಂಗುರಕ್ಕೆ ಕಿವಿಗೊಡಲಿಲ್ಲ. ಅಕ್ಕನ ಖಾಲಿ ಕೈಗಳನ್ನು ನೋಡಿ ನೋಡಿ ಅವಳಿಗೆ ತಡೆಯಲಾಗಲಿಲ್ಲ. ಸೂಜಿ, ದಾರದ ಉಂಡೆ, ಎರಡು ರೊಟ್ಟಿ ಕಟ್ಟಿಕೊಂಡು ಧೂಮಕಂಠನ ಗವಿಯಿದ್ದ ಹೊಗೆಬೆಟ್ಟದ ದಾರಿ ಹಿಡಿದಳು.

ಬೆಟ್ಟದ ಬುಡದಲ್ಲಿ ಒಂದು ಕರಡಿ ಕೂತಿತ್ತು. ಅದರ ತೊಡೆಯ ಮೇಲೆ ಹರಿದ ಕೌದಿ.

"ತಂಗೀ, ಚಳಿಗಾಲ ಬಂತು. ನನ್ನ ಹೇಣ್ತಿ ಒಂದ ಸಮ ಬೈತಾಳ. ಇದಕ್ಕ ತ್ಯಾಪಿ ಹಾಕಿ ಕೊಡು, ಬೆಟ್ಟದ ದಾರಿ ಬಿಡ್ತೀನಿ," ಎಂದಿತು.

ನಿಂಬವ್ವ ಕೂತು ಚಂದಾಗಿ ತೇಪೆ ಹಾಕಿದಳು. ಕರಡಿಗೆ ಖುಷಿಯಾಯಿತು. "ದಾರಿ ಬಿಟ್ಟಿದ್ದು ಬ್ಯಾರೆ, ಕೂಲಿ ಬ್ಯಾರೆ. ಏನ್ ಕೊಡ್ಲಿ?" ಎಂದಿತು. ಮನೆಯಲ್ಲಿ ಪಟಪಟ ಮಾತಾಡುವ ನಿಂಬವ್ವ ಈಗ ಕಾಲಿನ ಹೆಬ್ಬೆರಳಿನಿಂದ ನೆಲ ಕೆರೆಯತೊಡಗಿದಳು. ತಲೆ ತಾನಾಗಿ ತಗ್ಗಿತು. "ನಿನಗ ತಿಳಿದಷ್ಟು ಕೊಡಣ್ಣಾ," ಎಂದುಬಿಟ್ಟಳು.

ಕರಡಿ ಯೋಚನೆ ಮಾಡಿ, ಒಂದು ಒಣ ಬೇಲದ ಚಿಪ್ಪನ್ನು ಅವಳ ಕೈಗಿಟ್ಟಿತು. ಒಡನೆಯೇ ಅವಳ ಬಲಗೈ ಹೆಬ್ಬೆರಳು ಮರಗಟ್ಟಿತು. ಸೂಜಿ ಜಾರಿ ಬಿತ್ತು.

"ಅಯ್ಯೋ ನನ್ನ ಬೆರಳು!" ಎಂದು ಅವಳು ಚೀರಿದಳು.

"ನೀನೂ ಹಂಗs ಅಂದಿ?" ಎಂದು ಕರಡಿ ಹಣೆ ಚಚ್ಚಿಕೊಂಡಿತು. "ಈ ಬೆಟ್ಟದ ನೆರಳಿನ್ಯಾಗ ಧೂಮಕಂಠನ ಮಂತ್ರ ಐತಿ ತಂಗೀ. ಬೆಲಿ ಹೇಳದ ಸಾಮಾನು ಕೊಟ್ಟರ, ಸಾಮಾನಿನ ಜೋಡಿ ಕಸುಬೂ ಹೋಗ್ತದ. ಅವನು ಊರಿಗೆ ಬಂದರ ಆ ಮಂತ್ರಾನೂ ಅವನ ಬೆನ್ನಿಗೆ ಬರ್ತದ. ನಿನ್ನ ಬೆರಳು ತೊಗೊಂಡು ನಾ ಏನ್ ಮಾಡ್ಲಿ? ಚಿಪ್ಪು ತಿರುಗಿ ಕೊಡು. ಬೆಲಿ ಹೇಳು."

"ಎಷ್ಟಂತ ಹೇಳ್ಲಿ?"

"ನನ್ನ ಕೇಳ್ತೀಯಲ್ಲ! ಏನೇನ್ ಖರ್ಚಾತು, ಅದನ್ನ ಹೇಳು."

ನಿಂಬವ್ವ ತಡವರಿಸುತ್ತ ಶುರು ಮಾಡಿದಳು. "ದಾರ ನನ್ನದು. ಹೊಲಿಯೋ ತನಕ ನನ್ನ ಹೊಟ್ಟಿಗೆ ಬೇಕು. ಬಗ್ಗಿ ಬಗ್ಗಿ ಸೊಂಟ ಹಿಡೀತು. ಇದನ್ನ ಕಲಿಯೂ ಮುಂದ ಬೆರಳೆಲ್ಲ ಚುಚ್ಚಿಸಿಕೊಂಡೀನಿ…" ಹೇಳುತ್ತ ಹೋದಂತೆ ಅವಳಿಗೇ ಆಶ್ಚರ್ಯವಾಯಿತು. ಇಷ್ಟೆಲ್ಲ ಇದೆಯೆಂದು ಅವಳು ಯಾವತ್ತೂ ಯೋಚಿಸಿರಲಿಲ್ಲ. ಕೊನೆಗೆ, "ಒಂದು ಕೊಡ ಜೇನು," ಎಂದಳು.

"ಇಷ್ಟೆಲ್ಲಾ ಇದ್ದರ ಮೊದಲs ಯಾಕ ಹೇಳಲಿಲ್ಲ?"

"ನೀನs ತಿಳ್ಕೊಂತೀ ಅಂದುಕೊಂಡೆ."

"ನಾ ಕರಡಿ ತಂಗೀ," ಎಂದಿತು ಕರಡಿ. "ನನಗೇನ್ ತಿಳೀತದ?"

ಕರಡಿ ಜೇನು ಅಳೆದು ಕೊಟ್ಟಿತು. ಬೆರಳಿಗೆ ಜೀವ ಬಂತು. ಕೊಡವನ್ನು ಸೊಂಟದಲ್ಲಿಟ್ಟುಕೊಂಡು ನಿಂಬವ್ವ ಬೆಟ್ಟ ಹತ್ತಿದಳು.

ನಡುದಾರಿಯಲ್ಲಿ ಆನೆಯಷ್ಟು ಎತ್ತರದ ನವಿಲೊಂದು ಅಡ್ಡ ನಿಂತಿತ್ತು. ಅದಕ್ಕೆ ಮಳೆಗಾಲದಲ್ಲಿ ಬಾಲ ಮುಚ್ಚಿಕೊಳ್ಳಲು ಒಂದು ಹೊದಿಕೆ ಬೇಕಂತೆ. ನಿಂಬವ್ವ ಈ ಸಲ ಜಾಣೆಯಾಗಿದ್ದಳು. ಮೊದಲೇ ಬೆಲೆ ಹೇಳಿದಳು. ನವಿಲು ಒಪ್ಪಿ, ಬಣ್ಣಬಣ್ಣದ ಬಟ್ಟೆಯ ಗಂಟು ತಂದು ಹಾಕಿತು. ಆದರೆ ಅರ್ಧ ಹೊಲಿದಾಗ ಬಂದು, "ಅಂಚು ಕೆಂಪಿದ್ದರ ಚಂದ ಕಾಣ್ತಿತ್ತು," ಎಂದಿತು. ಬಿಚ್ಚಿ ಕೆಂಪು ಹಾಕಿದಳು. "ಕೆಂಪು ಯಾಕೋ ಕಣ್ಣಿಗೆ ಹೊಡೀತದ, ಹಸಿರು ಹಾಕು," ಎಂದಿತು. ಬಿಚ್ಚಿ ಹಸಿರು ಹಾಕಿದಳು. "ಹಸಿರು ಅಂದರ ಈ ಹಸಿರಲ್ಲ," ಎಂದಿತು. ಹೊಲಿದದ್ದಕ್ಕಿಂತ ಬಿಚ್ಚಿದ್ದೇ ಹೆಚ್ಚಾಯಿತು. ಅಲ್ಲಿ ಊರಿನಲ್ಲಿ ಅಕ್ಕ ಸೂಜಿ ನೋಡುತ್ತ ಕೂತಿದ್ದಾಳೆ, ಇಲ್ಲಿ ಇದರ ಅಂಚೇ ಮುಗಿಯುತ್ತಿಲ್ಲ. ನಿಂಬವ್ವನಿಗೆ ಅಳು ಬಂತು. ಅದರ ಹಿಂದೆಯೇ ಸಿಟ್ಟೂ ಬಂತು.

"ನವಿಲರಾಯರs, ಕೂಡ್ರಿ ಇಲ್ಲಿ," ಎಂದಳು. "ಯಾವ ಬಣ್ಣ, ಎಷ್ಟು ಉದ್ದ, ಎಂಥಾ ಅಂಚು, ಈಗs ಹೇಳಿಬಿಡ್ರಿ. ಹೇಳಿ ಸಂಚಕಾರ ಇಡ್ರಿ. ಸಂಚಕಾರ ಇಟ್ಟ ಮ್ಯಾಲ ಬಿಚ್ಚಿಸಿದರ, ಬಿಚ್ಚಿದ್ದಕ್ಕೂ ಕೂಲಿ ಕೊಡಬೇಕು."

"ನನ್ನ ಮ್ಯಾಲ ನಂಬಿಕಿ ಇಲ್ಲೇನು?" ಎಂದು ನವಿಲು ಕೊಕ್ಕು ಮೇಲೆತ್ತಿತು.

"ನಂಬಿಕಿ ಐತ್ರಿ. ಸಂಚಕಾರಾನೂ ಇರಲಿ."

ನವಿಲು ಮುಖ ಊದಿಸಿಕೊಂಡೇ ತನ್ನ ಅತಿ ಚಂದದ ಗರಿಯೊಂದನ್ನು ಕಿತ್ತು ಮುಂಗಡವಾಗಿ ಇಟ್ಟಿತು. ನೋಡಿ, ಎಂಥ ಸೋಜಿಗ! ತನ್ನ ಗರಿ ಅವಳ ಕೈ ಸೇರಿದ ಕೂಡಲೇ ಅದಕ್ಕೆ ತನಗೇನು ಬೇಕೆಂಬುದು ಸ್ಪಷ್ಟವಾಗಿ ಗೊತ್ತಾಯಿತು. ಮತ್ತೆ ಬಾಯಿ ಹಾಕಲಿಲ್ಲ. ಹೊದಿಕೆ ಮುಗಿಯಿತು, ಹೇಳಿದ ಕೂಲಿ ಕೈಸೇರಿತು, ದಾರಿ ತೆರೆಯಿತು.

ಬೆಟ್ಟದ ತುದಿಯ ಕಣಿವೆಯಲ್ಲಿ ಹೆಬ್ಬಾವು ಮಲಗಿತ್ತು. ಅದರ ತಲೆ ಈ ಗುಡ್ಡದಲ್ಲಿದ್ದರೆ ಬಾಲ ಆ ಗುಡ್ಡದಲ್ಲಿತ್ತು. ಅದರ ಮಾತು ಮಾತ್ರ ಬೆಲ್ಲ.

"ಬಾ ನನ ತಂಗೀ, ಬಾ. ನಿನ್ನ ಹೊಲಿಗಿ ಬಗ್ಗೆ ಬಾಳ ಕೇಳೀನಿ. ನನ್ನ ಮೈಯಷ್ಟು ಉದ್ದದ್ದು ಒಂದು ಕೌದಿ ನಾಳೆ ಮುಂಜಾನಿಗೆ ಬೇಕಿತ್ತು. ನಾವು ನಾವs ಅಲ್ಲೇನು, ರೊಕ್ಕದ ಮಾತು ಯಾಕ? ಮುಂದಿನ ಸಲ ಕೈತುಂಬ ಕೊಡ್ತೀನಿ. ಎಲ್ಲಾ ಹಾವುಗಳಿಗೂ ನಿನ್ನ ಹೆಸರು ಹೇಳ್ತೀನಿ."

ಮಾತಾಡುತ್ತಲೇ ಅದು ಅವಳ ಕಾಲಿಗೆ ಸುತ್ತಿಕೊಂಡಿತು. ಎದುರಿಗೆ ನಿಂತವರ ಮುಖ ಮುರಿಯುವುದು ಹೇಗೆ? ನಿಂಬವ್ವ ಮೆಲ್ಲಗೆ, "ನೋಡೂಣು," ಎಂದಳು. ಸುತ್ತು ಸೊಂಟಕ್ಕೇರಿತು. "ಪ್ರಯತ್ನ ಮಾಡ್ತೀನಿ," ಎಂದಳು. ಸುತ್ತು ಎದೆಗೇರಿತು. ಉಸಿರು ಕಟ್ಟತೊಡಗಿತು. ಅಕ್ಕನನ್ನು ನೆನೆದು, ತಾನು ಹುಟ್ಟಿದಾಗಿನಿಂದ ಯಾವ ಗಿರಾಕಿಗೂ ಹೇಳದ ಮಾತನ್ನು ಹೇಳಿದಳು.

"ಆಗೂದಿಲ್ಲ."

ಸುತ್ತು ಸಡಿಲವಾಯಿತು.

"ಏನಂದಿ?"

"ಆಗೂದಿಲ್ಲಣ್ಣಾ. ಅಷ್ಟು ದೊಡ್ಡ ಕೌದಿ ಒಂದು ದಿನದಾಗ ಆಗೂದಿಲ್ಲ. ಪುಕ್ಕಟೆನೂ ಆಗೂದಿಲ್ಲ."

ಹೆಬ್ಬಾವು ಕಣ್ಣು ಪಿಳುಕಿಸಿತು. ಇಷ್ಟು ವರ್ಷದಲ್ಲಿ ಅದಕ್ಕೆ ಯಾರೂ ಹಾಗೆ ಹೇಳಿರಲಿಲ್ಲ. ಹಾಗೆ ಹೇಳಿದರೆ ಏನು ಮಾಡಬೇಕೆಂದೂ ಅದಕ್ಕೆ ಗೊತ್ತಿರಲಿಲ್ಲ. ಕೊನೆಗೆ, "ಹಂಗಾದರ ಇರಲಿ ಬಿಡು," ಎಂದು ಪಕ್ಕಕ್ಕೆ ಸರಿಯಿತು.

ಕಣಿವೆಯ ಆಚೆ ಧೂಮಕಂಠನ ಗವಿ. ಒಳಗೆ ಮೈ ಕೊರೆಯುವ ಚಳಿ. ಸುತ್ತಲೂ ಗಡಿಗೆ, ಬುಟ್ಟಿ, ಬಂಗಾರದ ತೊಟ್ಟಿಲು, ಕಂಬಳಿಗಳ ರಾಶಿ. ಬಾಳವ್ವ ಹೊಲಿದ ಜರತಾರಿ ಕೌದಿಯೂ ಒದ್ದೆ ತೊಗಲಿನಂತೆ ಮೂಲೆಯಲ್ಲಿ ಬಿದ್ದಿತ್ತು. ನಡುವೆ ಒಲೆ. ಒಲೆಯಲ್ಲಿ ಉರಿಯುತ್ತಿದ್ದುದು ಸೌದೆಯಲ್ಲ, ಜನರ ಕಸುಬು. ಕುಂಬಾರನದು ಗುಂಡಗೆ ತಿರುಗುವ ಉರಿ, ಬಡಿಗನದು ಚಕ್ಕೆ ಚಕ್ಕೆಯಾಗಿ ಸಿಡಿಯುವ ಉರಿ. ಅಕ್ಕನದು ಸಾಲು ಸಾಲಾಗಿ ಓಡುವ ಸಣ್ಣ ಉರಿ. ನಿಂಬವ್ವ ಅದನ್ನು ನೋಡಿದೊಡನೆ ಗುರುತಿಸಿದಳು. ಅದು ಆರುವುದರಲ್ಲಿತ್ತು.

ಒಲೆಯ ಮುಂದೆ ಮಾಂತ್ರಿಕ ಗಡಗಡ ನಡುಗುತ್ತ ಕೂತಿದ್ದ. ಅವನು ತಂದ ವಸ್ತು ಯಾವುದೂ ಅವನಿಗೆ ಬೆಚ್ಚಗಿರಲಿಲ್ಲ. ಅದಕ್ಕೇ ಕಸುಬುಗಳನ್ನು ಸುಟ್ಟು ಮೈ ಕಾಯಿಸಿಕೊಳ್ಳುತ್ತಿದ್ದ.

"ಸೂಜಿ ತಂದೀಯೇನು? ಬೆಚ್ಚಗಿರೋ ಕೌದಿ ಹೊಲಿ. ನಿನಗೂ ತಿಳಿದಷ್ಟು ಕೊಡ್ತೀನಿ," ಎಂದ.

"ತಿಳಿದಷ್ಟು ಬ್ಯಾಡ್ರಿ. ನಾ ಹೇಳಿದಷ್ಟು ಕೊಡ್ರಿ," ಎಂದಳು ನಿಂಬವ್ವ. "ಮೊದಲ ಅರಿವಿ ತರ್ರಿ. ಜರತಾರಿ ಅಲ್ಲ. ನಿಮ್ಮವರು ಯಾರಾದರೂ ಉಟ್ಟದ್ದು."

ಅವನು ಸುತ್ತಲಿನ ರಾಶಿಯನ್ನೆಲ್ಲ ಕೆದಕಿದ. ಆಮೇಲೆ ಕಲ್ಲಿನ ಪೆಟ್ಟಿಗೆಯ ತಳದಿಂದ ಒಂದು ಮಾಸಿದ ಇಳಕಲ್ ಸೀರೆ ತೆಗೆದ. "ನಮ್ಮವ್ವಂದು," ಎಂದ. "ಇದೊಂದs ಐತಿ."

"ಸಾಕು. ಬೆಲಿ ಕೇಳ್ರಿ. ಈ ಒಲಿಯೊಳಗಿನ ಉರಿ ಅಷ್ಟೂ ಯಾರ್‍ಯಾರದೋ ಅವರವರಿಗೆ ತಿರುಗಿ ಹೋಗಬೇಕು. ಸಂಚಕಾರ, ನಮ್ಮಕ್ಕನ ಉರಿ. ಅದು ಈಗs ಹೋಗಬೇಕು."

ಮಾಂತ್ರಿಕ ಗಹಗಹಿಸಿ ನಕ್ಕ. "ಹಳೇ ಸೀರಿ, ಮಾರುದ್ದ ದಾರ. ಇದಕ್ಕ ಅಷ್ಟು ಬೆಲಿಯೇನು?" ನಿಂಬವ್ವ ಸುಮ್ಮನೆ ಕೂತಳು. "ಅರ್ಧ ಉರಿ ಬಿಡ್ತೀನಿ, ಹ್ಞೂಂ ಅನ್ನು," ಎಂದ. ಸುಮ್ಮನೆ ಕೂತಳು. "ಎಂಥಾ ಕಲ್ಲಿನಂಥಾ ಹುಡುಗಿ ನೀನು! ಮುದುಕ ನಡುಗಾಕ ಹತ್ತೀನಿ, ಮರುಕ ಇಲ್ಲೇನು?" ಎಂದ. ಆಗ ಅವಳಿಗೆ ನಿಜಕ್ಕೂ ಮರುಕ ಹುಟ್ಟಿತು. ಬೆಲೆ ಇಳಿಸುವ ಮಾತು ತುಟಿಯವರೆಗೆ ಬಂತು. ಅವಳು ತುಟಿ ಕಚ್ಚಿ ಹಿಡಿದಳು.

"ಮರುಕ ಐತಿ. ಅದಕ್ಕs ಛಲೋ ಹೊಲೀತೀನಿ. ಬೆಲಿ ಅಷ್ಟs."

ಗವಿಯ ಚಳಿ ಇನ್ನಷ್ಟು ಹೆಚ್ಚಿತು. ಮಾಂತ್ರಿಕನ ಹಲ್ಲು ಕಟಕಟ ಕುಟ್ಟಿದವು. ಕೊನೆಗೆ ಅವನು ಸೀರೆಯನ್ನು ಅವಳ ಮುಂದೆ ಸರಿಸಿ, "ಕೊಟ್ಟೆ," ಎಂದ. ಹಾಗೆಂದದ್ದೇ ತಡ, ಅಕ್ಕನ ಉರಿ ಒಲೆಯಿಂದ ಎದ್ದು, ಗವಿಯ ಬಾಯಿ ದಾಟಿ ಊರಿನ ಕಡೆಗೆ ಹಾರಿತು.

ಅಲ್ಲಿಂದ ನಿಂಬವ್ವ ಎದ್ದು ಓಡಬಹುದಿತ್ತು. ಅಕ್ಕನ ಕೆಲಸ ಆಗಿತ್ತಲ್ಲ! ಆದರೆ ಸಂಚಕಾರ ಹಿಡಿದವಳು ಹೇಗೆ ಓಡುತ್ತಾಳೆ? ಸೀರೆಯನ್ನು ಮಡಿಸಿ ಪದರ ಹಾಸಿದಳು. ಜೇನು ನೆಕ್ಕುತ್ತ, ಕೈಗೆ ಬಿಸಿಯುಸಿರು ಊದಿಕೊಳ್ಳುತ್ತ ದಿನಗಟ್ಟಲೆ ಹೊಲಿದಳು. ಒಂದು ಹೊಲಿಗೆಯನ್ನೂ ಉದ್ದ ಮಾಡಲಿಲ್ಲ. ಮುಗಿದಾಗ ಅದು ಕೂಸಿಗೆ ಹೊದಿಸುವಷ್ಟು ಚಿಕ್ಕ ಕೌದಿಯಾಗಿತ್ತು.

ಧೂಮಕಂಠ ಅದನ್ನು ಹೆಗಲ ಮೇಲೆ ಹಾಕಿಕೊಂಡ. ನಡುಕ ನಿಂತಿತು. ಅವನು ಕೌದಿಯ ಅಂಚನ್ನು ಮೂಗಿಗೆ ಹಿಡಿದು, ಚಿಕ್ಕ ಹುಡುಗನಂತೆ ಬಿಕ್ಕಿ ಬಿಕ್ಕಿ ಅತ್ತ. ಒಲೆಯ ಉರಿಗಳೆಲ್ಲ ಒಂದೊಂದಾಗಿ ಎದ್ದು ಹಾರಿಹೋದವು. ಒಲೆ ಆರಿತು. ಆದರೂ ಗವಿ ಬೆಚ್ಚಗೇ ಇತ್ತು. ಮಾಂತ್ರಿಕ ಅಲ್ಲೇ ಮುದುರಿಕೊಂಡು ಗೊರಕೆ ಹೊಡೆಯತೊಡಗಿದ. ಅವನ ಮಂತ್ರಗಳೆಲ್ಲ ಹೊಗೆಯ ಜೊತೆ ಕರಗಿದವು. ಮುಂದೆ ಅವನು ಎಂದಾದರೂ ಸಂತೆಗೆ ಬಂದರೆ ಬರಿಯ ಒಬ್ಬ ಮುದುಕನಾಗಿ ಬಂದು, ಬೆಲೆ ಕೇಳಿ, ಕೊಟ್ಟು ಹೋಗುತ್ತಿದ್ದ.

ಊರಿನಲ್ಲಿ ತಿಗರಿ ತಿರುಗುತ್ತಿತ್ತು, ಉಳಿ ಸದ್ದು ಮಾಡುತ್ತಿತ್ತು. ನಿಂಬವ್ವನ ಸಾಹಸ ಕೇಳಿದ ಅಕ್ಕಸಾಲಿಗ, ಕಿರೀಟ ಬೆಸೆಯುವ ಮೊದಲು ಅರಸನಿಗೆ ಬೆಲೆ ಹೇಳಿದ. ಅರಸ ತೆರೆದ ಬಾಯಿ ಮುಚ್ಚಲು ಸ್ವಲ್ಪ ಹೊತ್ತೇ ಹಿಡಿಯಿತು. ಆದರೂ ಕೊಟ್ಟ.

ಬಾಳವ್ವ ಬಾಗಿಲಲ್ಲೇ ತಂಗಿಯನ್ನು ತಬ್ಬಿಕೊಂಡಳು. "ನನ್ನ ಕೈ ನನಗ ತಂದುಕೊಟ್ಟೆಲ್ಲs, ನಿಂಬೀ. ನಿನಗ ನಾ ಏನ್ ಕೊಡ್ಲಿ?"

ನಿಂಬವ್ವ ತಲೆ ತಗ್ಗಿಸಲಿಲ್ಲ. "ನನಗೊಂದು ಕೌದಿ ಬೇಕು ಯಕ್ಕಾ," ಎಂದಳು.

ಬಾಳವ್ವ ಮನೆಯೊಳಗೆ ತಿರುಗಿ ನೋಡಿದಳು. ಊರಿಗೆಲ್ಲ ಕೌದಿ ಹೊಲಿದ ಆ ಮನೆಯ ಮೂಲೆಯಲ್ಲಿ, ಅಕ್ಕತಂಗಿಯರು ಹುಟ್ಟಿದಾಗಿನಿಂದ ಹೊದ್ದ ಎರಡು ಗೋಣಿಚೀಲಗಳನ್ನು ಮಡಿಸಿಟ್ಟಿತ್ತು. ಅವಳು ಅವನ್ನು ನೋಡುತ್ತ ನಿಂತೇಬಿಟ್ಟಳು. ಕಣ್ಣು ತುಂಬಿ ಬಂತು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, ಗಿರಾಕಿಯ ಮುಂದೆ ಕೂರುವಂತೆ ತಂಗಿಯ ಎದುರು ಚಕ್ಕಳಮಕ್ಕಳ ಹಾಕಿ ಕೂತಳು.

"ಹೇಳವಾ," ಎಂದಳು. "ಎಷ್ಟು ಉದ್ದ ಇರಲಿ?"

"ಇಬ್ಬರೂ ಹೊದಿಯುವಷ್ಟು," ಎಂದಳು ನಿಂಬವ್ವ.

ಆ ವರ್ಷದ ಚಳಿ ಹಿಂದೆಂದೂ ಬಿದ್ದಿರದಂಥ ಚಳಿಯಂತೆ. ಮಿಂಚುಗಲ್ಲಿನಲ್ಲಿ ಮಾತ್ರ ಯಾರಿಗೂ ಅದು ಗೊತ್ತೇ ಆಗಲಿಲ್ಲ. ಹೊಲಿದವರೂ ಹೊಲಿಸಿಕೊಂಡವರೂ ಬೆಚ್ಚಗೆ ಮಲಗಿದರು, ಹೊತ್ತೇರಿದ ಮೇಲೆ ಎದ್ದರು, ಸುಖವಾಗಿ ಬಾಳಿದರು.